ಪಾರಣೆಯ ನೀರು

ಬನಹಟ್ಟಿಯ ಹೀರಾಬಾಯಿಗೆ ಮಗನ ಮೈಯೆಂದರೆ ಹೆಮ್ಮೆಯೂ ಹೌದು, ಹೆದರಿಕೆಯೂ ಹೌದು. ಕುಣಾಲ ಒಳಗೆ ಬರಬೇಕಾದರೆ ಭುಜ ಓರೆ ಮಾಡಿಯೇ ಬರಬೇಕಿತ್ತು. ಅವನ ನಾಲ್ಕು ಅಂಗಿ ಒಣಹಾಕಿದರೆ ಹಗ್ಗದ ಮೇಲೆ ಮತ್ತೊಂದು ಬಟ್ಟೆಗೆ ಜಾಗ ಉಳಿಯುತ್ತಿರಲಿಲ್ಲ.

ಇಪ್ಪತ್ತೆರಡನೆಯ ವಯಸ್ಸಿಗೆ ಅವನು ಕಬಡ್ಡಿಯ ದೊಡ್ಡ ತಂಡವೊಂದಕ್ಕೆ ಆಯ್ಕೆಯಾಗಿದ್ದ. ಟೀವಿಯಲ್ಲಿ ಎರಡು ಸಲ ಕಂಡಿದ್ದ. ಊರವರು ಬಸ್ ಸ್ಟ್ಯಾಂಡಿನ ಎದುರು ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಮರುವರ್ಷ ಮೊಣಕಾಲು ಹೋಯಿತು, ತಂಡವೂ ಕೈಬಿಟ್ಟಿತು. ಫ್ಲೆಕ್ಸನ್ನು ಯಾರು ಬಿಚ್ಚಿಕೊಂಡು ಹೋದರೋ ಗೊತ್ತಾಗಲಿಲ್ಲ. ಆ ಮಳೆಗಾಲದಲ್ಲಿ ಹಿಪ್ಪರಗಿಗೆ ಹೋದಾಗ ಹೀರಾಬಾಯಿ ಅದನ್ನು ಒಂದು ಜೋಳದ ಕಣಕಿ ಬಣವೆಯ ಮೇಲೆ ಕಂಡಳು. ಗಾಳಿಗೆ ಹಾರಬಾರದೆಂದು ಮಗನ ಮುಖದ ಮೇಲೆ ಎರಡು ಕಲ್ಲು ಹೇರಿದ್ದರು. ಮನೆಗೆ ಬಂದು ಅವಳು ಯಾರಿಗೂ ಹೇಳಲಿಲ್ಲ.

ಆಮೇಲೆ ಕುಣಾಲ ಜಮಖಂಡಿಯಲ್ಲಿ ಜಿಮ್ ನಡೆಸುವ ಬಾಳಾಸಾಹೇಬನ ಕೈಗೆ ಬಿದ್ದ. ಆಡುವ ಕಾಲು ಹೋದರೇನು, ತೋರಿಸುವ ಮೈ ಇದೆಯಲ್ಲ ಎಂದು ಅವನು ಕುಣಾಲನನ್ನು ಮೈಕಟ್ಟಿನ ಸ್ಪರ್ಧೆಗೆ ತಯಾರು ಮಾಡತೊಡಗಿದ. ಈ ಸಲದ ಸ್ಪರ್ಧೆ ಜಮಖಂಡಿಯಲ್ಲೇ, ಭಾದ್ರಪದದ ಅನಂತ ಚತುರ್ದಶಿಯ ದಿನ. ನೋಡಲು ಬೆಂಗಳೂರಿನಿಂದ ಸಿನಿಮಾದವನೊಬ್ಬ ಬರುವವನಿದ್ದ. ಗೆದ್ದವನಿಗೆ ಹೊಡೆದಾಟದ ಸಿನಿಮಾದಲ್ಲಿ ಹೀರೋನ ಎದುರು ನಿಲ್ಲುವ ಪೈಲ್ವಾನನ ಪಾತ್ರ.

ಹೀರಾಬಾಯಿಯನ್ನು ಸುಡುತ್ತಿದ್ದುದು ಬೇರೆ. ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆತನ ಅದು, ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಬಾಯಿಗೆ ಹಾಕದ ಜೈನರ ಮನೆ. ಅಂಥ ಮನೆಯ ಮಗನ ಚೀಲದೊಳಗಿನ ಸ್ಟೀಲ್ ಡಬ್ಬಿಯಿಂದ ಒಂದು ದಿನ ತತ್ತಿಯ ವಾಸನೆ ಬಂದಿತ್ತು. ಅವಳು ಡಬ್ಬಿಯನ್ನು ಹಿತ್ತಿಲಿಗೆ ಒಯ್ದು ಮೂರು ಸಲ ಬೂದಿ ಹಚ್ಚಿ ತೊಳೆದಿಟ್ಟಳು. ಮಗನೂ ಕೇಳಲಿಲ್ಲ, ಇವಳೂ ಕೇಳಲಿಲ್ಲ. ಅವತ್ತಿನಿಂದ ಇಬ್ಬರ ನಡುವೆ ಮಾತು ಸೊರಗಿತ್ತು.

ಹಾಗಿರುವಾಗ, ಚತುರ್ದಶಿಗೆ ಎರಡು ದಿನ ಮುಂಚೆ, ಗುರುವಾರ ಬೆಳಿಗ್ಗೆ ಕುಣಾಲ ಗಂಗಾಳವನ್ನು ಹಿಂದೆ ಸರಿಸಿದ.

"ಊಟಾ ಬ್ಯಾಡವ್ವಾ. ನೀರೂ ಬ್ಯಾಡ."

"ನೀರೂ?"

"ಚತುರ್ದಶಿ ಸಂಜಿ ತನಕಾ ಒಂದು ಹನಿ ಬಾಯಾಗ ಹಾಕೂದಿಲ್ಲ."

ಹೀರಾಬಾಯಿಯ ಕಣ್ಣು ತುಂಬಿ ಬಂದವು. ಚತುರ್ದಶಿಗೆ ಮುಗಿಯುವ ಜೈನರ ಪರ್ವದ ಹತ್ತು ದಿನಗಳಲ್ಲಿ ನೀರು ಬಿಟ್ಟು ಉಪವಾಸ ಮಾಡುವವರು ಕೇರಿಯಲ್ಲಿ ಇದ್ದೇ ಇದ್ದರು. ಡಬ್ಬಿಯ ಪಾಪ ಕಳೆಯಲಿಕ್ಕೆ ತನ್ನ ಮಗನೂ ವ್ರತ ಹಿಡಿದ ಎಂದುಕೊಂಡಳು. "ನಿಮ್ಮಪ್ಪ ಇದ್ದಿದ್ರ ಎಷ್ಟ ಹಿಗ್ಗತಿದ್ರೋ, ಇಂಥಾ ವ್ರತಾ ನೋಡಿ," ಎಂದು ನಕ್ಕಳು. ಕುಣಾಲ ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. "ಹೂಂ," ಎಂದು ಎದ್ದು ಹೋದ.

ಸುದ್ದಿ ಬಸದಿಯನ್ನು ಮುಟ್ಟಲು ಒಂದು ತಾಸೂ ಹಿಡಿಯಲಿಲ್ಲ. ಮರುದಿನ ಪಕ್ಕದ ಮನೆಯ ತ್ರಿಶಲಾ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಂದಳು. ಉಪವಾಸ ಮಾಡಿದವರನ್ನು ಮೆಚ್ಚಿ ಮಾತಾಡಿಸಿದರೆ ಪುಣ್ಯದಲ್ಲಿ ಪಾಲು ಬರುತ್ತದಲ್ಲ.

"ನಮ್ಮ ಮನ್ಯಾಗಿನಂವಾ ಹತ್ತಕ್ಕ ಚಾ ಬರಲಿಲ್ಲಂದ್ರ ಮಗ್ಗಾನ ಬಂದ್ ಮಾಡ್ತಾನ," ಎಂದಳು ತ್ರಿಶಲಾ. "ಇಷ್ಟು ದೊಡ್ಡ ಮೈ ಹೊತಗೊಂಡು ನೀರ ಬಿಡೂದಂದ್ರ ಏನ ಹುಡುಗಾಟಿಕಿ ಏನ್ರಿ, ಹೀರಾ ವೈನಿ?"

ಕುಣಾಲ ಒಳಗೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಹೆಂಗಸರು ಹೋದ ಮೇಲೆ ಅವನ ಕಾಲಿನ ಮೀನಖಂಡ ಹಿಡಿದುಕೊಂಡಿತು. ಹೀರಾಬಾಯಿ ಎಣ್ಣೆ ಹಚ್ಚಿ ತಿಕ್ಕಲು ಕೂತಳು. ಮಗ್ಗದ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಗಟ್ಟಿಯಾದ ಕೈ ಅವಳದು, ಆದರೂ ಆ ಗಂಟು ಕರಗಲಿಲ್ಲ. ಚರ್ಮ ಎಷ್ಟು ತೆಳ್ಳಗಾಗಿತ್ತೆಂದರೆ ಒಳಗಿನ ನರ ಒಂದೊಂದೂ ಹಗ್ಗದ ಎಳೆಯ ಹಾಗೆ ಬೆರಳಿಗೆ ಹತ್ತುತ್ತಿತ್ತು.

"ಅವ್ವಾ, ಆ ಸಪ್ಪಳಾ ಬಂದ್ ಮಾಡು."

"ಯಾವ ಸಪ್ಪಳೋ?"

"ನೀರಿಂದು."

ಅಡುಗೆಮನೆಯಲ್ಲಿ ಬಟ್ಟೆ ಕಟ್ಟಿದ ಕೊಡದೊಳಗೆ ಸೋಸಿದ ನೀರು ಹನಿ ಹನಿಯಾಗಿ ಬೀಳುತ್ತಿತ್ತು. ಒಂದು ವಾಟಗಾ ನೀರು ತಂದು ಕುಡಿಸಿಬಿಡೋಣ ಎಂದು ಅವಳ ಕರುಳು ಎಳೆಯಿತು. ಆದರೆ ವ್ರತ ಮುರಿದವನಿಗಿಂತ ಮುರಿಸಿದವರ ಪಾಪ ದೊಡ್ಡದು ಎಂದು ಅತ್ತೆ ಹೇಳಿದ್ದು ಅವಳ ಕಿವಿಯಲ್ಲೇ ಇತ್ತು. ಕೊಡವನ್ನು ಎತ್ತಿ ಹಿತ್ತಿಲಲ್ಲಿ ಇಟ್ಟು ಬಂದಳು.

ಶನಿವಾರ ಮಧ್ಯಾಹ್ನ ಬಾಳಾಸಾಹೇಬ ಜೀಪು ತಂದು ಕುಣಾಲನನ್ನು ಕರೆದುಕೊಂಡು ಹೋದ. ಮಗ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಲು ಎರಡು ಸಲ ಗೋಡೆ ಹಿಡಿದ. ಸಂಜೆ ಹೊತ್ತು ಮುಳುಗುವ ಮುಂಚೆ ಬಂದವನಿಗೆ ಉಪವಾಸ ಬಿಡಿಸುವ ಪಾರಣೆಗೆಂದು ಹೀರಾಬಾಯಿ ಹೆಸರುಬೇಳೆ ಕುದಿಸಿ ಅದರ ಕಟ್ಟು ಬಸಿದಿಟ್ಟಳು. ಆಮೇಲೆ ಹಾಸಿಗೆ ಒಗೆಯಲು ಎತ್ತಿದಳು. ತಲೆದಿಂಬಿನ ಕೆಳಗಿನಿಂದ ಗುಳಿಗೆಯ ಎರಡು ಖಾಲಿ ಪಟ್ಟಿಗಳು ಬಿದ್ದವು.

ಮೇಲಿನ ಇಂಗ್ಲಿಷ್ ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಆ ಹಸಿರು ಅಂಚಿನ ಪಟ್ಟಿಯನ್ನು ಅವಳು ನಾಲ್ಕು ವರ್ಷ ದಿನಾ ಬೆಳಿಗ್ಗೆ ಕೈಯಲ್ಲಿ ಹಿಡಿದವಳು. ಗಂಡ ಪಾಯಪ್ಪನ ಕಾಲಿಗೆ ಬಾವು ಬಂದಾಗ ಮುಧೋಳದ ಡಾಕ್ಟರು ಬರೆದುಕೊಟ್ಟ ಗುಳಿಗೆ ಅದು. ಅವಳು ಚಾಕುವಿನಿಂದ ಕೊಯ್ದು ಅರ್ಧ ಕೊಡುತ್ತಿದ್ದಳು. "ಮೈಯಾಗಿನ ನೀರ ಹಿಂಡಿ ತಗಿತೈತಿ ಇದು, ಹೀರಾಬಾಯಿ," ಎಂದಿದ್ದರು ಡಾಕ್ಟರು. "ಅರ್ಧಾ ಅಂದ್ರ ಅರ್ಧಾನ. ಹೆಚ್ಚಾತಂದ್ರ ಮೊದಲ ಕೈಕಾಲ ಸೆಟಿತಾವ. ಆಮ್ಯಾಲ ಎದಿ."

ಎರಡು ಪಟ್ಟಿ. ಇಪ್ಪತ್ತು ಗೂಡು. ಒಂದರಲ್ಲೂ ಗುಳಿಗೆ ಇರಲಿಲ್ಲ.

ಬಾಳಾಸಾಹೇಬನಿಗೆ ಫೋನ್ ಹಚ್ಚಿದಳು. ಅತ್ತ ಹಾಡಿನ ಗದ್ದಲ. "ಕಾಕು, ಗಾಬರಿ ಆಗಬ್ಯಾಡ್ರಿ. ಎಲ್ಲಾರೂ ತಗೋತಾರು. ಸಂಜಿಕ ಬೆಳ್ಳಿ ಗದಾ ಹೊತ್ತಕೊಂಡ ಬರ್ತಾನ, ನೋಡ್ರಿ ಬೇಕಾರ."

ಹೀರಾಬಾಯಿ ಹೆಸರುಕಟ್ಟನ್ನು ಹಿತ್ತಾಳೆ ಚಂಬಿಗೆ ಸುರಿದು, ಉಪ್ಪು ಹಾಕಿ ಕದಡಿ, ಸೋಸುವ ಬಟ್ಟೆಯನ್ನೇ ಬಾಯಿಗೆ ಕಟ್ಟಿ ಆಟೋ ಹತ್ತಿದಳು. ದಾರಿಯುದ್ದಕ್ಕೂ ಚಂಬು ತುಳುಕದ ಹಾಗೆ ಎದೆಗೆ ಅವಚಿಕೊಂಡು ಕೂತಳು. ಹಿಂದೆ ಕಬ್ಬಿನ ಮೇಲೆ ಹೊತ್ತು ಇಳಿಯುತ್ತಿತ್ತು.

ಜಮಖಂಡಿಯಲ್ಲಿ ಮಂಟಪದ ತುಂಬ ಜನ. ಸಿನಿಮಾದವನ ಕಾರು ಬೀಳಗಿ ಹತ್ತಿರ ಪಂಕ್ಚರ್ ಆಗಿ ಎಲ್ಲವೂ ಎರಡು ತಾಸು ತಡವಾಗಿತ್ತು. ಅಷ್ಟೂ ಹೊತ್ತು ಹುಡುಗರು ಪರದೆಯ ಹಿಂದೆ ಕಾದಿದ್ದರು. ಕುಣಾಲ ಕಬ್ಬಿಣದ ಕುರ್ಚಿಯ ಮೇಲಿದ್ದ. ಮೈಗೆಲ್ಲ ಕಂದು ಬಣ್ಣ ಬಳಿದಿದ್ದರು, ತುಟಿ ಮಾತ್ರ ಸುಣ್ಣದ ಹಾಗಿತ್ತು. ತಾಯಿಯನ್ನು ಕಂಡು ಅವನು ನಗಲು ನೋಡಿದ.

ಅವಳು ಚಂಬಿನ ಬಟ್ಟೆ ಬಿಚ್ಚುವಷ್ಟರಲ್ಲಿ ಬಾಳಾಸಾಹೇಬ ನಡುವೆ ಬಂದ. "ಐದ ಮಿನಿಟ, ಕಾಕು. ಈಗ ನೀರ ಒಳಗ ಹೋತಂದ್ರ ಚರ್ಮಾ ಉಬ್ಬತೈತಿ. ಒಂದ ವರ್ಷದ ದುಡಿಮಿ ಹಾಳ ಮಾಡಬ್ಯಾಡ್ರಿ."

"ನೀ ಸರಿಯಪಾ," ಎಂದು ಅವಳು ಮಗನ ಕಡೆ ತಿರುಗಿದಳು. "ವ್ರತಾ ಅಂದಿದ್ಯಲ್ಲೋ?"

"ನಾ ಎಲ್ಲಿ ಅಂದೆ? ನೀನ ಅಂದಿ." ನಾಲಿಗೆ ಅಂಗುಳಕ್ಕೆ ಅಂಟಿ ಮಾತು ತೊದಲುತ್ತಿತ್ತು. "ಭಾಳ ದಿನದ ಮ್ಯಾಲ ನಕ್ಕಿದ್ದಿ. ಸುಮ್ಮನಾದೆ."

"ಒಂದ ಗುಟುಕ ಕುಡಿ."

"ಗೆದ್ದಂವಾ ಅಂತ ನನ್ನ ಹೆಸರ ಕರದ ಕೂಡ್ಲೆ ಕುಡಿತೇನಿ. ನೀ ಚಂಬು ಹಿಡಕೊಂಡ ಇಲ್ಲೇ ನಿಂದ್ರವ್ವಾ. ಫ್ಲೆಕ್ಸ್ ಮತ್ತ ಕಟ್ಟಸೂನು."

ಬಣವೆಯ ಮೇಲಿನ ಎರಡು ಕಲ್ಲು ಅವಳ ಕಣ್ಣಿಗೆ ಕಟ್ಟಿದವು. ಅಷ್ಟರಲ್ಲಿ ಮೈಕು ಕರೆಯಿತು. ಬಾಳಾಸಾಹೇಬ ಮಗನ ಎರಡೂ ರಟ್ಟೆ ಹಿಡಿದು ಎಬ್ಬಿಸಿದ. ಪರದೆ ದಾಟುವಾಗ ಕುಣಾಲ ಭುಜ ಓರೆ ಮಾಡಿದ.

ಐವರು ವೇದಿಕೆಯ ಮೇಲೆ ನಿಂತರು. ಬಲಕ್ಕೆ ತಿರುಗಿದರು, ಎಡಕ್ಕೆ ತಿರುಗಿದರು, ಬೆನ್ನು ತೋರಿಸಿದರು. ಕುಣಾಲನ ಮೈ ದೀಪದ ಕೆಳಗೆ ಕಡೆದ ಕಲ್ಲಿನ ಹಾಗೆ ಹೊಳೆಯಿತು. ಜನ ಸಿಳ್ಳೆ ಹಾಕಿದರು. ಕಡೆಗೆ ಐವರೂ ಎರಡೂ ತೋಳು ಮೇಲೆತ್ತಿ ಮುಷ್ಟಿ ಬಿಗಿದರು. ಮೈಕಿನವನು ಸಾಕು ಅಂದ. ನಾಲ್ವರು ಕೈ ಇಳಿಸಿದರು.

ಕುಣಾಲ ಇಳಿಸಲಿಲ್ಲ.

"ಏ ಹುಲಿ!" ಎಂದು ಜನ ಕೂಗಿದರು. ಮುಂದಿನ ಸಾಲಿನ ಸಿನಿಮಾದವನು ಮೊಬೈಲ್ ಎತ್ತಿ ಹಿಡಿದು, "ಚೆನ್ನಾಗಿದೆ, ಹಾಗೇ ಇರಿ, ಹಾಗೇ ಇರಿ," ಅಂದ.

ಹೀರಾಬಾಯಿಗೆ ಮಾತ್ರ ಅವನ ಮೀನಖಂಡ ಕಾಣುತ್ತಿತ್ತು. ನಿನ್ನೆ ತನ್ನ ಕೈಗೆ ಕರಗದ ಆ ಗಂಟು ಈಗ ತೊಡೆಗೆ ಏರಿತ್ತು, ಬೆನ್ನಿಗೆ ಏರಿತ್ತು, ತೋಳಿಗೆ, ಕೊರಳಿಗೆ ಏರಿತ್ತು. ಕಿಸಿದ ಹಲ್ಲು ಹಾಗೆಯೇ ನಿಂತಿತ್ತು. ಕಣ್ಣು ಮಾತ್ರ ತಿರುಗಿ ತಿರುಗಿ ಅವಳ ಚಂಬನ್ನು ಹುಡುಕುತ್ತಿದ್ದವು.

ಹೊರಗೆ ಹೊತ್ತು ಮುಳುಗಿತ್ತು. ಮದುವೆಯಾಗಿ ಬಂದಂದಿನಿಂದ ಆ ಹೊತ್ತಿನಲ್ಲಿ ಅವಳು ಯಾರ ಬಾಯಿಗೂ ನೀರು ಹಿಡಿದವಳಲ್ಲ. ಬಾಳಾಸಾಹೇಬ ಸೆರಗು ಹಿಡಿದ. ಅವಳು ಕೊಸರಿಕೊಂಡು ವೇದಿಕೆಗೆ ನಡೆದು, ತುದಿಗಾಲಲ್ಲಿ ನಿಂತು ಚಂಬನ್ನು ಅವನ ತುಟಿಗೆ ಹಚ್ಚಿದಳು.

ಹೆಸರುಕಟ್ಟು ಕಚ್ಚಿದ ಹಲ್ಲಿನ ಮೇಲಿಂದ ಇಳಿದು ಕೊರಳಿಗೆ, ಕೊರಳಿನಿಂದ ಎದೆಗೆ ಹರಿಯಿತು. ಹರಿದಲ್ಲೆಲ್ಲ ಕಂದು ಬಣ್ಣ ತೊಳೆದು ಮಗನ ಬಿಳಿಚಿದ ಮೈ ಗೆರೆ ಗೆರೆಯಾಗಿ ಹೊರಬಂತು. ಬನಹಟ್ಟಿಯವರಿಂದ ಉಪವಾಸದ ಸುದ್ದಿ ಮಂಟಪಕ್ಕೂ ಮುಟ್ಟಿತ್ತು. ಹೆತ್ತವಳು ಅದನ್ನು ಬಿಡಿಸಲು ಬಂದಳೆಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೈಕಿನವನೂ ಹುರುಪಿಗೆ ಬಿದ್ದು ಅವನ ಹೆಸರನ್ನೇ ಕರೆದ. ಮೊದಲನೇ ನಂಬರು, ಬನಹಟ್ಟಿಯ ಕುಣಾಲ.

"ಕರದ್ರಪಾ," ಎಂದಳು ಹೀರಾಬಾಯಿ. "ಹೆಸರ ಕರದ್ರು. ಈಗರೆ ನುಂಗು."

ಸೋಸುವ ಬಟ್ಟೆಯನ್ನು ಚಂಬಿನಲ್ಲಿ ಅದ್ದಿ, ಹಲ್ಲಿನ ಸಂದಿಯಲ್ಲಿ ಹನಿ ಹನಿಯಾಗಿ ಹಿಂಡಿದಳು. ಇನ್ನೊಂದು ಕೈಯನ್ನು ಅವನ ಗಂಟಲ ಮೇಲೆ ಇಟ್ಟಳು. ಒಂದು ಗುಟುಕು ಇಳಿದರೆ ಬೆರಳಿಗೆ ಗೊತ್ತಾಗಬೇಕು. ಚಪ್ಪಾಳೆ ಜೋರಾಯಿತು. ಅವಳು ಬೆರಳನ್ನು ಅಲ್ಲೇ ಒತ್ತಿ ಹಿಡಿದು ಕಾದಳು.