ಅತ್ತಿಬೆಲೆಯಲ್ಲಿ ಹಿಮ

ದೀಪಶ್ರೀಯ ಸೈಕಲ್ಲಿನ ಟೈರು ನನ್ನ ತೋಳಿನಷ್ಟು ದಪ್ಪ. ಹಿಮದಲ್ಲಿ ಹೂತುಹೋಗದಂತೆ ಓಡಿಸಲೆಂದೇ ಮಾಡಿದ ಸೈಕಲ್ಲು ಅದು. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಕಟ್ಟುವ ಮೊದಲಿನಿಂದಲೂ ನಾನು ಹೊಸೂರು ರಸ್ತೆಯ ಬದಿಯಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದೇನೆ. ಆದರೂ ಅಂಥದ್ದು ನನ್ನ ಅಂಗಡಿಗೆ ಬಂದದ್ದು ಅದೇ ಮೊದಲು.

"ಶ್ಯಾಮಣ್ಣ, ಹಿಮಾಚಲಕ್ಕೆ ಹೋಗ್ತಿದೀನಿ. ಮೂರು ದಿನ ಹಿಮದಲ್ಲೇ ಸವಾರಿ. ಇಡೀ ವರ್ಷ ರಜೆ ಉಳಿಸ್ಕೊಂಡಿದೀನಿ. ದಾರೀಲಿ ಏನೂ ಕೆಡಬಾರದು," ಎಂದಳು. ಇಲ್ಲೇ ಒಂದು ಕಂಪನಿಯಲ್ಲಿ ಯಂತ್ರದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸ ಅವಳದು. ಭಾನುವಾರ ಬಂದರೆ ರಾಗಿಹಳ್ಳಿ ಕಡೆಯ ಗುಡ್ಡಗಳಲ್ಲಿ ಸೈಕಲ್ ಹತ್ತಿಸಿ ಇಳಿಸಿ, ಮೈಯೆಲ್ಲ ಕೆಮ್ಮಣ್ಣು ಮಾಡಿಕೊಂಡು ಬರುತ್ತಾಳೆ.

"ನಾನು ಕಟ್ಟಿದ ಚಕ್ರ ಯಾವತ್ತಾದ್ರೂ ಕೆಟ್ಟಿದ್ದುಂಟೇನಮ್ಮ? ಓಗು, ನಿಶ್ಚಿಂತೆಯಿಂದ ಓಗು," ಎಂದೆ.

ಹಿಂದಿನ ಚಕ್ರದ ನಡುವಿನ ಗುಂಬ, ಅಂದರೆ ಹಬ್, ಬಿಚ್ಚಿದೆ. ಪೆಡಲ್ ತುಳಿದಾಗ ಚಕ್ರವನ್ನು ಹಿಡಿದೆಳೆಯುವ ಪುಟ್ಟ ಕೊಕ್ಕೆಗಳು ಇರುವುದು ಅದರೊಳಗೇ. ತುಳಿದರೆ ಒಳಗಿನ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತವೆ, ತುಳಿಯದಿದ್ದರೆ ಜಾರಿಕೊಂಡು ಕಟಕಟ ಎನ್ನುತ್ತವೆ. ನಮ್ಮೂರಿನ ಮಳೆಗೂ ಲಾರಿಗಳ ಧೂಳಿಗೂ ಹೆದರಿ ನಾನು ಹಬ್ಬಿಗೆ ಯಾವಾಗಲೂ ಗ್ರೀಸನ್ನು ಒಂದು ಚೂರೂ ಜಾಗ ಬಿಡದೆ ತುಂಬುತ್ತೇನೆ. ದೂರದ ಪ್ರಯಾಣ ಎಂದು ಅವತ್ತು ಇನ್ನೂ ಒಂದು ಬೆರಳು ಜಾಸ್ತಿಯೇ ತುಂಬಿದೆ.

ಪಂಕ್ಚರ್ ಹಾಕಿಸಲು ಬಂದಿದ್ದ ಹನುಮೇಶ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದ. ಕೊಪ್ಪಳದ ಕಡೆಯವನು. ಅತ್ತಿಬೆಲೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಬಟಾಣಿ, ಐಸ್‌ಕ್ರೀಮಿನ ಪೆಟ್ಟಿಗೆ ಹೊರುತ್ತಾನೆ.

"ಅಣ್ಣಾರ, ಗಾಡಿ ಎಲ್ಲಿಗೆ ಹೊಂಟೈತ್ರಿ?"

"ಹಿಮಾಲಯಕ್ಕೆ."

"ಹಂಗಾದ್ರ ಇಷ್ಟ್ ಗ್ರೀಸ್ ತುಂಬಬ್ಯಾಡ್ರಿ. ನಮ್ಮಲ್ಲಿ ಟ್ರಾಲಿ ಗಾಲಿಗೆ ಇಂಥಾದ್ದು ಹಚ್ಚಿದ್ರ ಚಳಿಗೆ ಮೇಣ ಆಗಿ ಕುಂದರತೈತಿ."

"ಪೆಟ್ಟಿಗೆ ಹೊರೋನು ನೀನು, ನಂಗೆ ಗ್ರೀಸಿನ ಪಾಠ ಏಳ್ತೀಯಾ?"

ಅವನು ನಕ್ಕ. "ಹೊರಾವರಿಗೇ ಗೊತ್ತಾಗೋದ್ರಿ. ಗಾಲಿ ನಿಂತ್ರ ಪೆಟ್ಟಿಗಿ ನಮ್ಮ ಹೆಗಲಿಗೇ ಬರತೈತಲ್ಲ."

ನಾನೂ ನಕ್ಕು ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದೆನೇನೋ. ಆದರೆ ದೀಪಶ್ರೀ ನಗಲಿಲ್ಲ. "ಎರಡನೇ ದಿನ ಏಳು ಕಿಲೋಮೀಟರ್ ಏರು ಇದೆ ಅಣ್ಣ," ಎಂದಳು. "ಗುಂಪಲ್ಲಿ ಒಬ್ಬರಿಗೊಬ್ಬರು ಅರ್ಧ ಗಂಟೆ ದೂರ ಇರ್ತೀವಿ. ಅಲ್ಲಿ ಚಕ್ರ ಹಿಡೀದೆ ನಿಂತ್ರೆ, ಕತ್ತಲಾಗೋದ್ರೊಳಗೆ ನಡ್ಕೊಂಡು ತಲುಪಕ್ಕಾಗಲ್ಲ. ಸಂಜೆ ಆದ್ಮೇಲೆ ಆ ಚಳೀಲಿ ಮನುಷ್ಯರು ಉಳಿಯಲ್ಲ."

ಪರೀಕ್ಷೆ ಮಾಡಿ ನೋಡೋಣವೆಂದರೆ ಹೊಸೂರು ರಸ್ತೆಯಲ್ಲಿ ಹಿಮ ಎಲ್ಲಿ ಸಿಗಬೇಕು? ದಾರಿ ತೋರಿಸಿದವನು ಹನುಮೇಶನೇ. ವರ್ಷಕ್ಕೊಂದು ಸಲ, ಬೇಸಿಗೆಯ ಮಾಲು ಬರುವ ಮುಂಚೆ, ಅವರ ಕೋಲ್ಡ್ ಸ್ಟೋರೇಜಿನ ದೊಡ್ಡ ಕೋಣೆಯನ್ನು ಖಾಲಿ ಮಾಡುತ್ತಾರೆ. ಚಾವಣಿಯ ಕೊಳವೆಗಳ ಮೇಲೆ ವರ್ಷವಿಡೀ ಬೆಳೆದ ಹಿಮವನ್ನು ಬಡಿದು ಉದುರಿಸುತ್ತಾರೆ. ಆಮೇಲೆ ಯಂತ್ರ ನಿಲ್ಲಿಸಿ, ಉಳಿದದ್ದನ್ನು ಕರಗಲು ಬಿಡುತ್ತಾರೆ. "ಶನಿವಾರ ಮಧ್ಯಾಹ್ನ ಒಂದಕ್ಕ ಬಂದ್ ಮಾಡ್ತಾರ್ರಿ. ಅದಕ್ಕೂ ಮುಂಚೆ ಬರ್ರಿ," ಎಂದ. ಶನಿವಾರ ಸಂಜೆ ಐದಕ್ಕೆ ದೀಪಶ್ರೀ ಸೈಕಲ್ಲನ್ನು ಪೆಟ್ಟಿಗೆಗೆ ಹಾಕಿ ಹೊರಡಬೇಕು. ಸಮಯ ಬಿಗಿಯಾಗಿತ್ತು, ಆದರೆ ಸಾಕಿತ್ತು.

ಶನಿವಾರ ಎಂಟೂವರೆಗೆ ಅತ್ತಿಬೆಲೆ ತಲುಪಿದೆವು. ಸೂಪರ್‌ವೈಸರ್ ಮರೆಪ್ಪ ನಮ್ಮನ್ನೂ ಸೈಕಲ್ಲನ್ನೂ ಮೇಲಿಂದ ಕೆಳಗೆ ನೋಡಿ, ದಪ್ಪ ಜಾಕೆಟ್ಟು, ಕೈಗವಸು ಕೊಡಿಸಿದರು. "ಕಾಲು ಗಂಟೆಗಿಂತ ಜಾಸ್ತಿ ಒಳಗಿರಬೇಡಿ. ಕಿವಿ ಮುಚ್ಕೊಳ್ಳಿ. ಯಜಮಾನ್ರೇ, ನಿಮಗೇ ಹೇಳ್ತಿರೋದು."

ಬಾಗಿಲು ಸರಿಯಿತು. ಬಿಳಿ ಹೊಗೆ ಕಾಲ ಬಳಿ ಉರುಳಿ ಬಂತು. ಹೊರಗೆ ಲಾರಿಗಳು, ಬಿಸಿಲು, ಎಳನೀರಿನ ಗಾಡಿ. ಒಂದು ಹೆಜ್ಜೆ ಒಳಗೆ ಇಟ್ಟರೆ ಮೂಗಿನೊಳಗಿನ ಕೂದಲೆಲ್ಲ ಅಂಟಿಕೊಂಡವು. ಗೋಡೆಯ ಮೇಲಿನ ಮಾಪಕ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ತೋರಿಸುತ್ತಿತ್ತು. ಮದುವೆ ಛತ್ರದಷ್ಟು ದೊಡ್ಡ ಕೋಣೆ. ಚಾವಣಿಯ ಉದ್ದಗಲಕ್ಕೂ ಕೊಳವೆಗಳು. ಅವುಗಳ ಮೇಲೆ ಹಿಮವು ಗರಿಗರಿಯಾಗಿ, ಹಕ್ಕಿಯ ಪುಕ್ಕದ ಹಾಗೆ ಬೆಳೆದು ನಿಂತಿತ್ತು. ಹನುಮೇಶ ಮತ್ತು ಜೊತೆಯವರು ಉದ್ದನೆಯ ಬಿದಿರಿನ ಗಳು ಹಿಡಿದು ಬಡಿಯುತ್ತಿದ್ದರು. ಬಡಿದದ್ದು ಸದ್ದಿಲ್ಲದೆ, ಯಾವ ಆತುರವೂ ಇಲ್ಲದೆ ಇಳಿದು ಬರುತ್ತಿತ್ತು. ನೆಲದ ಮೇಲೆ ಆಗಲೇ ಕಣಕಾಲು ಮುಳುಗುವಷ್ಟಿತ್ತು. ಮೂಲೆಯಲ್ಲಿ ಸಲಿಕೆಯಿಂದ ಗುಡ್ಡೆ ಹಾಕಿದ್ದು ಎದೆಯೆತ್ತರ. ನಾನು ಗವಸು ತೆಗೆದು ಅಂಗೈ ಚಾಚಿದೆ. ಬಿದ್ದ ಒಂದು ಚೂರಿಗೆ ಸೂಜಿಮೊನೆಯಷ್ಟು ಸಣ್ಣ ಕವಲುಗಳಿದ್ದವು. ಅರವತ್ತು ವರ್ಷ ಕಬ್ಬಿಣವನ್ನೂ ರಬ್ಬರನ್ನೂ ಮುಟ್ಟಿದ ಕೈ ಇದು. ಅಷ್ಟು ನವಿರಾದ ಕುಸುರಿಯನ್ನು ಯಾವ ಕಸುಬುದಾರನ ಹತ್ತಿರವೂ ಕಂಡಿರಲಿಲ್ಲ. ನೋಡುತ್ತಿದ್ದಂತೆಯೇ ನೀರಾಯಿತು.

ಸೈಕಲ್ಲನ್ನು ಒಳಗೇ ನಿಲ್ಲಿಸಿ ಹೊರಗೆ ಕಾದೆವು. ಲೋಹದ ಒಳಗಿನವರೆಗೂ ಚಳಿ ಇಳಿಯಬೇಕಲ್ಲ. ಹತ್ತು ಗಂಟೆಗೆ ದೀಪಶ್ರೀ ಹತ್ತಿ ಕೂತು ಪೆಡಲ್ ತುಳಿದಳು.

ಹಗ್ಗ ಕಡಿದ ರಾಟೆಯ ಹಾಗೆ ಪೆಡಲ್ ಸುಮ್ಮನೆ ತಿರುಗಿತು. ಚಕ್ರ ಒಂದು ಅಂಗುಲವೂ ಕದಲಲಿಲ್ಲ. ಇನ್ನೊಂದು ಸಲ ತುಳಿದಳು, ಮತ್ತೊಂದು ಸಲ. ಒಳಗಿನ ಕೊಕ್ಕೆಗಳು ಗಟ್ಟಿಯಾದ ಗ್ರೀಸಿನಲ್ಲಿ ಮಲಗಿಬಿಟ್ಟಿದ್ದವು. ಹನುಮೇಶ ‘ಹೇಳಿದ್ನಲ್ರಿ’ ಎಂದು ಚುಚ್ಚಬಹುದಿತ್ತು. ಹಾಗೆ ಮಾಡದೆ ಸೈಕಲ್ಲನ್ನು ಹೊರಗೆ ತಳ್ಳಲು ಕೈ ಕೊಟ್ಟ. ಅವನ ದೊಡ್ಡತನ ನನಗೆ ಚಳಿಗಿಂತ ಜಾಸ್ತಿ ತಟ್ಟಿತು.

"ತಪ್ಪು ನಂದೇ ಕಣಮ್ಮ," ಎಂದೆ. "ನಮ್ಮೂರಿನ ಮಳೆ, ಧೂಳು ಅಷ್ಟೇ ಗೊತ್ತಿತ್ತು ನಂಗೆ. ಲೋಕಕ್ಕೆಲ್ಲ ಅದೇ ಅಂದ್ಕೊಂಡಿದ್ದೆ."

ಮಾಲು ಇಳಿಸುವ ಕಟ್ಟೆಯ ಮೇಲೆ ಕೂತು ಹಬ್ ಬಿಚ್ಚಿದೆ. ಗ್ರೀಸು ಸವೆದ ಸೋಪಿನ ಚೂರುಗಳಂತೆ ಕಿತ್ತು ಬಂತು. ಪೆಟ್ರೋಲಿನಲ್ಲಿ ಎರಡು ಸಲ ತೊಳೆದೆ. ಅಷ್ಟರಲ್ಲಿ ಹನುಮೇಶ ಟೀ ಲೋಟದಲ್ಲಿ ಏನೋ ತಂದ.

"ಕಂಪ್ರೆಸರಿನ ಎಣ್ಣಿ ರೀ. ಚಳಿ ಹುಟ್ಟಿಸೋ ಯಂತ್ರದೊಳಗ ಇರೋದು, ಅದು ಚಳಿಗೆ ಅಂಜಂಗಿಲ್ಲ. ಮರೆಪ್ಪ ಸಾರ್ ಕೊಟ್ಟಾರ."

"ಎಷ್ಟು ಹಾಕೋದಪ್ಪ?" ಎಂದು ನಾನು ಕೇಳಿದೆ. ಕಸುಬಿನ ವಿಷಯದಲ್ಲಿ ಇನ್ನೊಬ್ಬರನ್ನು ಹಾಗೆ ಕೇಳಿ ಎಷ್ಟು ವರ್ಷವಾಗಿತ್ತೋ.

"ಒದ್ದೆ ಆದ್ರ ಸಾಕ್ರಿ. ಹರೀಬಾರ್ದು."

ಹಕ್ಕಿಗೆ ಕುಡಿಸುವಷ್ಟು ಹಾಕಿದೆ. ಕೈ ಅಭ್ಯಾಸಬಲದಿಂದ ಗ್ರೀಸ್ ಡಬ್ಬಿಯ ಕಡೆಗೇ ಹೋಗುತ್ತಿತ್ತು. ಡಬ್ಬಿಯನ್ನು ಮರೆಪ್ಪನವರ ಕೈಗೆ ಕೊಟ್ಟುಬಿಟ್ಟೆ. ಸೈಕಲ್ ಮತ್ತೆ ಒಳಗೆ ಹೋದಾಗ ಹನ್ನೊಂದು ಇಪ್ಪತ್ತು.

ದೀಪಶ್ರೀ ಕಟ್ಟೆಯ ಅಂಚಿಗೆ ಕೂತು ಕಾಲು ಆಡಿಸುತ್ತಿದ್ದಳು. "ಈ ಸಲಾನೂ ಹಿಡೀಲಿಲ್ಲ ಅಂದ್ರೆ ನಾನು ಹೋಗಲ್ಲ ಅಣ್ಣ," ಎಂದಳು. ಬೇಸರ ಮುಚ್ಚಿಡಲು ನಕ್ಕಳು, ಸರಿಬರಲಿಲ್ಲ. ಬೇರೆ ಚಕ್ರ ಹುಡುಕಿ ತರಲು ಸಮಯವಿರಲಿಲ್ಲ. ಬಾಯಿಮಾತಿನ ಸಮಾಧಾನದಿಂದ ಏನು ಬಂತು? ಹಿಡಿಯುವ ಚಕ್ರ ಕೊಟ್ಟರೆ ಅದೇ ಸಮಾಧಾನ.

ಒಂದಕ್ಕೆ ಹತ್ತು ನಿಮಿಷ ಇದ್ದಾಗ ಒಳಗೆ ಹೋದೆವು. ಹತ್ತಿ ತುಳಿದಳು. ಚಕ್ರ ಹಿಡಿಯಿತು! ಹಿಡಿದ ಮರುಕ್ಷಣವೇ ಹಿಂದಿನ ಟೈರು ಜಾರಿ, ಅವಳು ಹಿಮದಲ್ಲಿ ಪಕ್ಕಕ್ಕೆ ಬಿದ್ದಳು. ಗಳು ಹಿಡಿದವರೆಲ್ಲ ಹೋ ಎಂದರು.

"ಗಾಳಿ ಇಳಿಸಮ್ಮ," ಎಂದೆ. "ಹಣ್ಣು ಟೊಮೇಟೊ ಒತ್ತಿದಂಗೆ ಇರಬೇಕು." ಟೈರುಗಳ ಬಗ್ಗೆ ಅಷ್ಟಾದರೂ ನನಗೆ ಗೊತ್ತಿತ್ತು.

ಬುಸ್ಸೆಂದು ಗಾಳಿ ಬಿಟ್ಟೆವು. ಮತ್ತೆ ಹತ್ತಿದಳು. ಈ ಸಲ ಟೈರು ಅಗಲವಾಗಿ ಕೂತು ಹಿಮವನ್ನು ತಬ್ಬಿ ಹಿಡಿಯಿತು. ಒಂದು ಸುತ್ತು, ಎರಡು ಸುತ್ತು. ಮೇಲಿಂದ ಹಿಮ ಉದುರುತ್ತಲೇ ಇತ್ತು. ಅವಳ ಹೆಲ್ಮೆಟ್ಟು ಬೆಳ್ಳಗಾಯಿತು, ಹುಬ್ಬು ಬೆಳ್ಳಗಾಯಿತು, ಉಸಿರು ಹೊಗೆಯಾಗಿ ಹಿಂದೆ ಹಿಂದೆಯೇ ಓಡಿತು. ಬಡಿಯುತ್ತಿದ್ದವರು ಒಬ್ಬೊಬ್ಬರಾಗಿ ಗಳು ಕೆಳಗಿಳಿಸಿದರು. ವರ್ಷಗಟ್ಟಲೆ ಈ ಕೋಣೆಯಲ್ಲಿ ಪೆಟ್ಟಿಗೆ ಹೊತ್ತವರು ಅವರು. ಇದೇ ಹಿಮವನ್ನು ಗುಡಿಸಿ ಸಾಕಾಗಿ ಬೈದವರು. ಈಗ ಅವಳು ಹೋದ ಕಡೆಗೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದರು.

ಆಗ ಒಂದು ಗಂಟೆಯಾಗಿ ಯಂತ್ರ ನಿಂತಿತು.

ಅಷ್ಟು ಹೊತ್ತು ಕಿವಿ ತುಂಬಿದ್ದ ಮೊರೆತ ಹೋಗಿ, ಇಡೀ ಕೋಣೆ ಉಸಿರು ಬಿಗಿಹಿಡಿದ ಹಾಗಾಯಿತು. ಟೈರು ಹಿಮವನ್ನು ಒತ್ತುವ ಮೆಲುದನಿ ಮಾತ್ರ. ದೀಪಶ್ರೀ ಮೂಲೆಯ ಗುಡ್ಡೆಯ ಕಡೆ ತಿರುಗಿದಳು. ನನಗೆ ಅರ್ಥವಾಯಿತು. ಸಮನೆಲದಲ್ಲಿ ಹಿಡಿದದ್ದು ಲೆಕ್ಕಕ್ಕಿಲ್ಲ, ಹಬ್ಬಿನ ನಿಜವಾದ ಪರೀಕ್ಷೆ ಏರಿನಲ್ಲೇ.

ಸೀಟಿನಿಂದ ಎದ್ದು ನಿಂತು, ಮೈಭಾರವನ್ನೆಲ್ಲ ಹಾಕಿ ತುಳಿದಳು. ಚೈನು ಬಿಗಿಯಿತು. ಸೈಕಲ್ಲು ಅರ್ಧ ಏರಿ, ಒಂದು ಗಳಿಗೆ ನಿಂತೇಬಿಟ್ಟಿತು. ಇನ್ನೊಂದು ತುಳಿತ. ಕೊಕ್ಕೆಗಳು ಬಿಡಲಿಲ್ಲ. ಮುಂದಿನ ಚಕ್ರ ನೆತ್ತಿ ದಾಟಿತು, ಹಿಂದಿನದೂ ಹತ್ತಿತು. ಗುಡ್ಡೆಯ ಮೇಲೆ ಒಂದು ಕಾಲೂರಿ ನಿಂತಳು. ಚಾವಣಿಯ ಬಿಳಿಯ ಗರಿಗಳು ಅವಳ ತಲೆಗೆ ತಾಗುವಷ್ಟು ಹತ್ತಿರವಿದ್ದವು. ಏಳು ಕಿಲೋಮೀಟರ್ ಏರನ್ನು ನಾನು ಎಂದೂ ನೋಡುವವನಲ್ಲ. ಆದರೆ ಅಲ್ಲಿನ ಆಕಾಶ ಎಷ್ಟು ಹತ್ತಿರ ಇರಬಹುದೆಂದು ಆಗ ಹೊಳೆಯಿತು.

ಕೆಳಗಿನಿಂದ ಹನುಮೇಶ ಕೂಗಿದ:

"ಅಕ್ಕಾರ, ಇನ್ ಇಳೀರಿ! ಐದಕ್ಕ ಹೊರಡಾವರು, ಪೆಟ್ಟಿಗಿ ಕಟ್ಟಬೇಕ್ರಿ!"

ಅವಳು ಬ್ರೇಕು ಬಿಟ್ಟಳು. ನಾವೆಲ್ಲ ಎರಡೂ ಬದಿಗೆ ಸರಿದು ದಾರಿ ಬಿಟ್ಟೆವು. ಹಿಮ ಎರಚುತ್ತಾ, ನಗುತ್ತಾ, ತೆರೆದ ಬಾಗಿಲಿನ ಬಿಸಿಲಿನ ಕಡೆಗೆ ಇಳಿದು ಬಂದಳು.