ಒಂದು ಹನಿಯೂ ಬ್ಯಾಡ

ಸ್ಟೀಲಿನ ಲೋಟ ಡಾಕ್ಟರ್ ಶಿವಪ್ರಸಾದರ ಹುಬ್ಬಿಗೇ ಬಡಿಯಿತು. ರಕ್ತ ಕಣ್ಣಿಗಿಳಿದಾಗ ಅವರು ಗೋಡೆ ಹಿಡಿದು ನಿಂತರು. ಮಂಚದ ಮೇಲೆ ದೊಡ್ಡಬಸಪ್ಪ ತಾತ ಬುಸುಗುಡುತ್ತ, ಎಸೆಯಲು ಇನ್ನೇನು ಸಿಕ್ಕೀತೆಂದು ತಡಕುತ್ತಿದ್ದ.

"ಕಟ್ಟು ಅವನ್ನ," ಅಂದರು ಡಾಕ್ಟರು.

ವಾರ್ಡಿನ ಆಳು ದಾದೇಸಾಬ ತಾತನ ಎದೆಗೆ ಮೊಣಕಾಲೂರಿ, ಎರಡೂ ಕೈಗಳನ್ನು ಟವೆಲ್ಲಿನಿಂದ ಮಂಚದ ಸರಳಿಗೆ ಬಿಗಿದ. ತಾತ ಅವನ ಮುಂಗೈ ಕಚ್ಚಿದ.

"ಇರೋವು ನಾಕ ಹಲ್ಲು. ನಾಕೂ ನನಗೇ ಇಟ್ಟಾನ್ರೀ," ಎನ್ನುತ್ತ ದಾದೇಸಾಬ ಗಂಟನ್ನು ಮತ್ತಷ್ಟು ಜಗ್ಗಿದ.

ತಾತ ಹಟ್ಟಿಯ ಚಿನ್ನದ ಗಣಿಯಲ್ಲಿ ಆಯುಷ್ಯ ಸವೆಸಿದ ಮನುಷ್ಯ. ಮರೆವು ಹತ್ತಿದ ಮೇಲೆ ಸಿಂಧನೂರಿನ ಈ ನರ್ಸಿಂಗ್ ಹೋಮೇ ಅವನಿಗೆ ಗಣಿಯಾಗಿತ್ತು; ಮೇಲಿನ ಬಂಡೆ ಕುಸಿಯುತ್ತಿದೆಯೆಂದು ಸಿಕ್ಕವರನ್ನು ಬಡಿಯುತ್ತಿದ್ದ.

"ಸಿಟ್ಟು ಇಳಿಸೋ ಇಂಜೆಕ್ಷನ್ ಕೊಡು ಪದ್ಮಾವತಿ. ಈ ಸಲ ಅರ್ಧ ಅಲ್ಲ."

ಸಿರಿಂಜ್ ನರ್ಸ್ ಪದ್ಮಾವತಿಯ ಕೈಯಲ್ಲೇ ಇತ್ತು. ನಿನ್ನೆ ತಾತನನ್ನು ಲಿಂಗಸುಗೂರಿಗೆ ಒಯ್ದು ತೋರಿಸಿದಾಗ ಅಲ್ಲಿಯ ಮೆದುಳಿನ ಡಾಕ್ಟರು ಅವಳಿಗೆ ಹೇಳಿ ಕಳಿಸಿದ್ದರು: "ಈ ಕಾಯಿಲೆಗೆ ಆ ಇಂಜೆಕ್ಷನ್ ವಿಷ ಇದ್ದಂಗ. ಮೈ ಸೆಟೆದು ಜೀವಾನ ಹೋದೀತು. ಒಂದು ಹನಿಯೂ ಬ್ಯಾಡ ಅಂತ ನಿಮ್ಮ ಸರ್‌ಗೆ ಹೇಳು." ಆದರೆ ದೊಡ್ಡವರ ಮುಖಕ್ಕೆ ಬ್ಯಾಡ ಅನ್ನುವುದು ಹೇಗೆ? ತಲೆ ತಗ್ಗಿಸಿ, "ತುಸು ಕಡಿಮಿ ಮಾಡಿದ್ರ ಛಲೋ ಅಂತ್ರೀ ಸರ್," ಅಂದಿದ್ದಳು. ಸರ್ ಅರ್ಧ ಕೊಡಿಸಿದ್ದರು. ಬೆಳಗಾಗುವಷ್ಟರಲ್ಲಿ ತಾತನ ಕತ್ತು ಕಟ್ಟಿಗೆಯಾಗಿತ್ತು, ಸಿಟ್ಟು ಇಮ್ಮಡಿಸಿತ್ತು.

ಅವಳು ಸಿರಿಂಜನ್ನು ಟ್ರೇಯಲ್ಲಿಟ್ಟಳು. "ಕೊಡಂಗಿಲ್ರೀ ಸರ್."

"ಏನಂದಿ?"

"ಲಿಂಗಸುಗೂರು ಡಾಕ್ಟರು ಒಂದು ಹನಿಯೂ ಬ್ಯಾಡ ಅಂದಾರ್ರೀ. ಕಡಿಮಿ ಅಂದಾಕಿ ನಾನು. ನಿಮಗ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ಡಾಕ್ಟರು ಕೈ ಬೀಸಿದರು. ಟ್ರೇ ಗೋಡೆಗಪ್ಪಳಿಸಿ ಬಾಟಲಿಗಳು ಚೂರಾದವು.

"ನಿನ್ನ ಮರ್ಯಾದಿ ಒಯ್ದು ಒಲಿಗೆ ಹಾಕು. ಮುದುಕ ಸತ್ತಿದ್ರ ಯಾರ ತಲಿಮ್ಯಾಲ?"

ಅವಳು ಫೋನು ಹಚ್ಚಿ ಅವರ ಮುಂದೆ ಹಿಡಿದಳು. ಹುಬ್ಬಿಗೆ ಹತ್ತಿ ಒತ್ತಿಕೊಂಡೇ ಡಾಕ್ಟರು ಲಿಂಗಸುಗೂರಿನ ಮಾತು ಕೇಳಿಸಿಕೊಂಡರು. "ಹ್ಞೂಂ… ಹ್ಞೂಂ. ಗುಳಿಗಿ ಹೆಸರು ಹೇಳ್ರಿ." ಆಮೇಲೆ ದಾದೇಸಾಬನತ್ತ ತಿರುಗಿ, "ಬಿಚ್ಚು," ಅಂದರು.

"ಬಿಚ್ಚಿದ್ರ ಹೊಡಿತಾನ್ರೀ."

"ಬಿಚ್ಚಲೇ."

ಗಂಟು ಸಡಿಲಿದ್ದೇ ತಡ, ತಾತನ ಕೈ ಪದ್ಮಾವತಿಯ ಜಡೆಗೆ ಬಿತ್ತು. ಎಳೆದ ಏಟಿಗೆ ಅವಳ ಹಣೆ ಸರಳಿಗೆ ಬಡಿಯಿತು. ದಾದೇಸಾಬ ಮುಂದೆ ಬಂದ; ಅವಳು ಕೈಯಿಂದಲೇ ತಡೆದಳು. ಪಾತಾಳಕ್ಕಿಳಿದವನನ್ನು ಹೆಸರು ಹಿಡಿದು ಕೂಗಬೇಕು ಎನ್ನುತ್ತಿದ್ದಳು ಅವಳ ಅಜ್ಜಿ, ಕಥೆ ಹೇಳುವಾಗ.

"ದೊಡ್ಡಬಸಪ್ಪಾ," ಅಂದಳು ಬಾಗಿದಲ್ಲಿಂದಲೇ. "ಮ್ಯಾಲ ಬಂದೀವಿ. ಬೆಳಕು ಕಾಣಾಕತ್ತೈತಿಲ್ಲ?"

ಹಿಡಿ ಸಡಿಲಲಿಲ್ಲ. ಅವಳು ಒಂದೊಂದೇ ಬೆರಳು ಬಿಡಿಸತೊಡಗಿದಳು. ಕಿಟಕಿಯ ಬಿಸಿಲು ಮಂಚಕ್ಕೆ ಬಂದಿತ್ತು. ಅವನ ಉಗುರುಗಳಿಗೆ ಸಿಕ್ಕಿದ್ದ ಅವಳ ಕೂದಲೆಳೆಗಳು ಅದರಲ್ಲಿ ಮಿಂಚುತ್ತಿದ್ದವು.