ಟಬ್ಬು ತೆಗೆದ ಬಚ್ಚಲು

ಬಿಡದಿಯ ಆ ಮನೆಯ ಬಚ್ಚಲಿಗೆ ಟಬ್ಬು ಬಂದದ್ದು ದಿವ್ಯ ಸೊಸೆಯಾಗಿ ಬರುವುದಕ್ಕೂ ಮುಂಚೆ. ಕಾರು ಫ್ಯಾಕ್ಟರಿಗೆ ಹೊರದೇಶದ ಎಂಜಿನಿಯರುಗಳು ಬರತೊಡಗಿದ ಕಾಲದಲ್ಲಿ ಅವಳ ಮಾವ ಸಿದ್ದಯ್ಯ ಬಾಡಿಗೆಗೆಂದೇ ಆ ಮನೆ ಕಟ್ಟಿಸಿದ್ದರು. ಟಬ್ಬಿಲ್ಲದ ಮನೆಯನ್ನು ಅಂಥವರು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಯಾರೋ ಹೇಳಿದ್ದಕ್ಕೆ, ಐದಡಿ ಅಗಲ ಏಳಡಿ ಉದ್ದದ ಬಚ್ಚಲಿನಲ್ಲಿ ಅರ್ಧ ಜಾಗ ನುಂಗುವ ಬಿಳಿಯ ಟಬ್ಬೊಂದನ್ನು ಕೂರಿಸಿದರು. ಒಬ್ಬ ಎಂಜಿನಿಯರು ಎರಡು ವರ್ಷ ಇದ್ದು ಹೋದ. ಆಮೇಲೆ ಯಾರೂ ಬರಲಿಲ್ಲ. ಮನೆಯವರೇ ಬಂದು ಸೇರಿಕೊಂಡರು. ಅತ್ತೆ ಮುನಿಯಮ್ಮ ಆ ಟಬ್ಬನ್ನು ತೊಟ್ಟಿ ಎನ್ನುತ್ತಿದ್ದರು, ಅದರಲ್ಲಿ ಕಂಬಳಿ ನೆನೆಹಾಕುತ್ತಿದ್ದರು.

ಮದುವೆಯಾಗಿ ಹದಿನಾಲ್ಕು ತಿಂಗಳಿಗೆ, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ದಿವ್ಯಳ ಗಂಡ ಮನೋಹರನ ಕತ್ತಿನ ಮೇಲೆ ತಗಡಿನ ಕಟ್ಟು ಜಾರಿ ಬಿತ್ತು. ಜೀವ ಉಳಿಯಿತು. ಎದೆಯಿಂದ ಕೆಳಗೆ ಏನೂ ಉಳಿಯಲಿಲ್ಲ. ಕೈಗಳನ್ನು ಎತ್ತಬಲ್ಲವನಾಗಿದ್ದ, ಆದರೆ ಬೆರಳುಗಳಿಗೆ ಹಿಡಿತವಿರಲಿಲ್ಲ. ಅರಿವಿಲ್ಲದ ಆ ಕಾಲುಗಳು ಸುಮ್ಮನೆ ಬಿದ್ದಿರುತ್ತಲೂ ಇರಲಿಲ್ಲ. ಇದ್ದಕ್ಕಿದ್ದಂತೆ ಸೆಟೆದುಕೊಂಡು ಮಂಡಿ ಹೊಟ್ಟೆಗೆ ಬಂದು ಇಡೀ ಮೈ ಅದುರುತ್ತಿತ್ತು. ಮಾತ್ರೆಗೆ ಬಗ್ಗದ ಆ ಸೆಳೆತ ಬಿಸಿನೀರಿಗೆ ಬಗ್ಗಿತು. ಸಿದ್ದಯ್ಯ ಒಂದು ದಿನ ಮಗನನ್ನು ಎತ್ತಿ ಟಬ್ಬಿನಲ್ಲಿ ಮಲಗಿಸಿದರು. ಹತ್ತು ನಿಮಿಷಕ್ಕೆ ಕಾಲು ಸಡಿಲವಾದವು, ಅಲ್ಲೇ ಅವನಿಗೆ ನಿದ್ದೆ ಬಂತು. ಅಂದಿನಿಂದ ದಿನ ಬಿಟ್ಟು ದಿನ ಟಬ್ಬಿನ ಸ್ನಾನ. ಮರುವರ್ಷ ಸಿದ್ದಯ್ಯ ಎದೆನೋವಿನಿಂದ ತೀರಿಕೊಂಡ ಮೇಲೆ ಹೆಗಲು ಹಿಡಿಯುವ ಕೆಲಸ ದಿವ್ಯಳದಾಯಿತು. ಮುನಿಯಮ್ಮ ಕಾಲು ಹಿಡಿಯುತ್ತಿದ್ದರು. ಭಾರವೆಲ್ಲ ಹೆಗಲಿನ ಕಡೆಯೇ.

ಎರಡು ವರ್ಷ ಎತ್ತಿದಳು. ಸೊಂಟದ ನೋವು ಎಡಗಾಲಿಗೆ ಇಳಿದಾಗ ಹೊಂಗನೂರಿನ ತವರಿಗೆ ಹೋಗಿಬರುತ್ತೇನೆಂದು ಹೇಳಿ ರಾಮನಗರದ ಡಾಕ್ಟರಿಗೆ ತೋರಿಸಿದಳು. ಮೂಳೆ ನಡುವಿನ ಮೆತ್ತೆ ಜಾರಿದೆ, ತುಂಬಿದ ಕೊಡವನ್ನೂ ಎತ್ತಬೇಡ ಎಂದರು. ಅವಳು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅತ್ತೆ ಏನು ಕೇಳುತ್ತಾರೆಂದು ಗೊತ್ತಿತ್ತು: ಹಾಗಾದ್ರೆ ಯಾರು ಎತ್ತಬೇಕವ್ವ?

2006ರ ಚಳಿಗಾಲಕ್ಕೆ ಟಬ್ಬಿನ ಅಡಿಯ ನೆಲ ಸೋರಿ, ಪಕ್ಕದ ಕೋಣೆಯ ಗೋಡೆ ಆಳೆತ್ತರ ಒದ್ದೆಯಾಗಿ, ಬಚ್ಚಲನ್ನು ಒಡೆದು ಕಟ್ಟದೆ ವಿಧಿಯಿರಲಿಲ್ಲ. ಗಾರೆ ಕೆಲಸದ ಖಾಸಿಂ ಬಂದು ಟೇಪು ಹಿಡಿದು ಅಳೆದ.

"ನೋಡಕ್ಕ, ಈ ಟಬ್ ತೆಗೆದ್ರೆ ಗಾಲಿ ಕುರ್ಚಿ ಸೀದಾ ಒಳಗೆ ಬತ್ತದೆ. ಅಣ್ಣನ್ನ ಕೂರಿಸ್ಕಂಡೇ ನೀರು ಹಾಕ್ಬೋದು, ಎತ್ತೋ ಕೆಲಸಾನೇ ಇಲ್ಲ. ಟಬ್ ಇರ್ಲಿ ಅಂದ್ರೆ ನೆಲ ಒಂದ್ ಮಾಡ್ಕೊಡ್ತೀನಿ ಅಷ್ಟೆಯ. ಎರಡೂ ಬೇಕು ಅಂದ್ರೆ ಇಷ್ಟು ಜಾಗದಾಗೆ ಆಗಕಿಲ್ಲ."

"ತೊಟ್ಟಿ ತೆಗೆಯಂಗಿಲ್ಲ," ಎಂದರು ಮುನಿಯಮ್ಮ. "ಈ ಲೋಕದಾಗೆ ನನ್ ಮಗನಿಗೆ ಉಳಿದಿರೋ ಸುಖ ಅದೊಂದೇ ಕಣಪ್ಪ."

ಖಾಸಿಂ ದಿವ್ಯಳ ಮುಖ ನೋಡಿದ. ಅವಳು, "ಅವರನ್ನೇ ಕೇಳಣ," ಎಂದಳು.

ಮಂಚದ ಮೇಲಿದ್ದ ಮನೋಹರ ಚಾವಣಿ ನೋಡುತ್ತಾ, "ಇರ್ಲಿ ಬುಡು," ಎಂದ. ಸೋಮವಾರ ಕೆಲಸ ಶುರು ಎಂದಾಯಿತು.

ಶನಿವಾರ ಮುನಿಯಮ್ಮ ನೆಂಟರ ತಿಥಿಗೆಂದು ಬೆಳಗಿನ ಬಸ್ಸಿಗೆ ಮಾಗಡಿಗೆ ಹೋದರು. ಅಂದು ಸ್ನಾನದ ದಿನವಲ್ಲ. ಆದರೆ ಒಂಬತ್ತು ಗಂಟೆಗೆ ಹಿಡಿದ ಸೆಳೆತ ಮಧ್ಯಾಹ್ನವಾದರೂ ಬಿಡಲಿಲ್ಲ. ಮನೋಹರ ಹಲ್ಲು ಕಚ್ಚಿದ, ಆಮೇಲೆ ಬೇಡಿಕೊಂಡ. "ಹೆಂಗಾದ್ರೂ ಮಾಡಿ ಇಳಿಸ್ಬುಡು ದಿವ್ಯ. ಅವ್ವ ಬಂದ ಮ್ಯಾಲೆ ಎತ್ತೀರಂತೆ."

ಇಳಿಸುವುದು ಅಷ್ಟು ಕಷ್ಟವಿರಲಿಲ್ಲ. ಮಂಚದಿಂದ ಗಾಲಿ ಕುರ್ಚಿಗೆ, ಕುರ್ಚಿಯನ್ನು ಬಚ್ಚಲ ಬಾಗಿಲಿಗೆ ತಂದು ಅಲ್ಲಿಂದ ಟಬ್ಬಿನ ಅಂಚಿಗೆ, ಹಲಗೆ ಇಟ್ಟು ಮೆಲ್ಲಗೆ ಜಾರಿಸಿದಳು. ಬೆನ್ನಿಗೆ ಟವೆಲು ಮಡಿಸಿಟ್ಟಳು. ಅವನಿಗೆ ಕಾವು ತಿಳಿಯದೆಂದು ಮೊಣಕೈ ಅದ್ದಿ ನೋಡಿ ಬಿಸಿನೀರು ಬಿಟ್ಟಳು. ನೀರು ಎದೆಮಟ್ಟಕ್ಕೆ ಬಂದಾಗ ಅವನ ಮುಖದ ಗಂಟುಗಳು ಬಿಚ್ಚಿಕೊಂಡವು. ಹಲಗೆ ಸರಿಸಿ ಗೋಡೆಗೊರಗಿ ನಿಂತಳು. ಎಡಗಾಲು ಬೆಂಕಿ ಹಚ್ಚಿದ ಹಾಗೆ ಉರಿಯುತ್ತಿತ್ತು.

ಅಷ್ಟರಲ್ಲಿ ಟವೆಲು ಜಾರಿತು. ಅದರ ಹಿಂದೆಯೇ ಅವನ ಬೆನ್ನು, ಹೆಗಲು, ತಲೆ. ಸದ್ದೇ ಇಲ್ಲದೆ ಮನೋಹರ ನೀರಿನೊಳಗೆ ಇಳಿದುಹೋದ.

ದಿವ್ಯ ಬಾಗಿದಳು. ಸೊಂಟದಲ್ಲಿ ಏನೋ ಛಳಕ್ಕೆಂದು ಹಿಡಿದು ಟಬ್ಬಿನ ಅಂಚಿಗೆ ಕೈಯೂರಿದಳು. ನೋವು ಹಿಡಿದದ್ದು ನಿಜ. ಅದು ಬಿಟ್ಟದ್ದೂ ನಿಜ. ಬಿಟ್ಟ ಮೇಲೂ ಅವಳು ಹಾಗೇ ನಿಂತಿದ್ದಳು. ನೀರಿನಡಿಯಿಂದ ಅವನ ಎರಡು ಕಣ್ಣೂ ಅವಳನ್ನೇ ನೋಡುತ್ತಿದ್ದವು. ಒಂದು ಉಸಿರು, ಎರಡು ಉಸಿರು. ಮನೆ ನಿಶ್ಶಬ್ದವಾಗಿತ್ತು. ಇನ್ನು ಎತ್ತಬೇಕಾಗಿಲ್ಲ ಎಂಬ ಮಾತು ಅವಳೊಳಗೆ ಸ್ಪಷ್ಟವಾಗಿ, ಬೇರೆ ಯಾರೋ ಹೇಳಿದ ಹಾಗೆ ಕೇಳಿಸಿತು. ಮೂರನೆಯ ಉಸಿರಿಗೆ ಅವನ ಬಾಯಿಂದ ಗುಳ್ಳೆ ಎದ್ದವು. ಅವಳು ಕಿರುಚಿ, ಕೂದಲಿಗೆ ಕೈಹಾಕಿ, ಕಂಕುಳಿಗೆ ಕೈಹಾಕಿ ಎಳೆದಳು.

ಅವನು ಕೆಮ್ಮಿ ಕೆಮ್ಮಿ ನೀರು ಕಾರಿದ. ಒಂದು ಕೈಯಲ್ಲಿ ತಲೆ ಹಿಡಿದುಕೊಂಡೇ ಅವಳು ಇನ್ನೊಂದರಿಂದ ತಳದ ಬಿರಡೆ ಕಿತ್ತಳು. ನೀರು ಗೊರಗೊರ ಸದ್ದು ಮಾಡುತ್ತಾ ಇಳಿದುಹೋಯಿತು. ಬರಿದಾದ ಟಬ್ಬಿನಲ್ಲಿ ಬರಿಮೈಯಲ್ಲಿದ್ದ ಗಂಡನಿಗೆ ಕಂಬಳಿ ಹೊದಿಸಿ, ನೆಲದ ಮೇಲೆ ಕುಳಿತು ಅವನ ತಲೆಯನ್ನು ತೋಳಿನಲ್ಲಿ ಹಿಡಿದಿದ್ದಳು. ಮುನಿಯಮ್ಮ ಬರುವವರೆಗೆ, ಎರಡು ಗಂಟೆಗೂ ಹೆಚ್ಚು ಹೊತ್ತು.

"ಸೊಂಟ ಹಿಡ್ಕಬುಡ್ತು," ಎಂದಳು ಅವಳು, ಕಂಬಳಿಯ ಅಂಚಿನಿಂದ ಅವನ ಕೂದಲು ಒರೆಸುತ್ತಾ.

"ಹ್ಞೂಂ," ಎಂದ. "ಖಾಸಿಂಗೆ ಹೇಳು. ಕಿತ್ತಾಕ್ಲಿ ಇದನ್ನ."

"ನನಗೋಸ್ಕರ ಬ್ಯಾಡಿ."

"ಕಿತ್ತಾಕ್ಲಿ ಅಂದೆ."

ಅವನು ಮುಳುಗಿದ್ದನ್ನು ಇಬ್ಬರೂ ಮುನಿಯಮ್ಮನಿಗೆ ಹೇಳಲಿಲ್ಲ. ಮಗನ ಮನಸ್ಸು ತಿರುಗಿದ್ದು ಅವರಿಗೆ ಸಹಿಸಲಾಗಲಿಲ್ಲ. ಸೊಸೆಯೇ ಕಿವಿ ಊದಿದ್ದಾಳೆಂದು ಅವರಿಗೆ ಖಾತ್ರಿಯಾಯಿತು. "ಒಂದಿನ ನಾನಿಲ್ಲ ಅಂದ್ರೆ ಇಷ್ಟು ಮಾಡ್ಬುಟ್ಟೆಯಲ್ಲವ್ವ," ಎಂದರು. ಸೋಮವಾರ ಖಾಸಿಂ ಟಬ್ಬನ್ನು ಎರಡು ತುಂಡು ಮಾಡಿ ಹೊರಗೆ ಸಾಗಿಸಿದ. ಮುನಿಯಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು.

ಹೊಸ ಬಚ್ಚಲು ಸಲೀಸಾಗಿತ್ತು. ಕುರ್ಚಿ ಹೊಸ್ತಿಲಿಗೆ ತಾಗದೆ ಒಳಗೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಅವನ ತಲೆಗೆ ಸೀಗೆಪುಡಿ ತಿಕ್ಕುವಾಗ ದಿವ್ಯಳಿಗೆ ತಡೆಯಲಾಗಲಿಲ್ಲ.

"ಅವತ್ತು... ಬರೀ ಸೊಂಟ ಅಲ್ಲ ಕಣ್ರೀ."

ಅವನು ಕಣ್ಣು ಮುಚ್ಚಿದ್ದ. ನೊರೆ ಕೆನ್ನೆಗೆ ಇಳಿಯುತ್ತಿತ್ತು. "ಗೊತ್ತು ಕಣೆ," ಎಂದ. "ನನ್ ಕೈ ಮ್ಯಾಲಕ್ಕೆ ಏಳ್ತವೆ. ಅಂಚಿಗೆ ತಗುಲಿಸ್ಕಂಡು ತಲೆ ಎತ್ಬೋದಾಗಿತ್ತು. ನಾನೂ ಎತ್ನಿಲ್ಲ."

ಅವಳ ಕೈ ನಿಂತಿತು.

"ನೀನು ಎಳೆದ್ಬುಟ್ಟೆ," ಎಂದ ಅವನು. "ಆ ತೊಟ್ಟಿ ಇದ್ದಿದ್ರೆ ಇನ್ನೊಂದಿನ ನಾನಾಗೇ ಜಾರ್ತಿದ್ದೆ. ಊರೆಲ್ಲ ನಿನ್ನ ಕೇಳೋರು. ಒಸಿ ನೀರು ಹಾಕು, ಕಣ್ಣು ಉರೀತದೆ."

ಅವಳು ನೀರು ಹಾಕಿದಳು. ಆ ವಿಷಯ ಅವರ ನಡುವೆ ಮತ್ತೆ ಬರಲಿಲ್ಲ. ಆದರೆ ಅಂದಿನಿಂದ ಅವನು ಅವಳನ್ನು ನೋಡುವ ನೋಟದಲ್ಲಿ ಬಿಗುವು ಇರಲಿಲ್ಲ. ಒಮ್ಮೊಮ್ಮೆ ನಗಿಸುತ್ತಲೂ ಇದ್ದ.

ಕಾಲುಗಳು ಮಾತ್ರ ಕೇಳಲಿಲ್ಲ. ಬಕೆಟ್ಟಿನ ಬಿಸಿನೀರು ಮೈಮೇಲೆ ಹರಿದು ಹೋಗುತ್ತಿತ್ತೇ ಹೊರತು ಸೆಳೆತ ಬಿಡಿಸುವಷ್ಟು ನಿಲ್ಲುತ್ತಿರಲಿಲ್ಲ. ಮಾತ್ರೆ ಎರಡರಿಂದ ನಾಲ್ಕಾಯಿತು, ಅವನು ಹಗಲೆಲ್ಲ ಮಂಕಾಗಿರುತ್ತಿದ್ದ. ಮಂಡಿಗಳು ವರ್ಷದಿಂದ ವರ್ಷಕ್ಕೆ ಮಡಿಸಿಕೊಂಡು, ಕೊನೆಗೆ ಎಷ್ಟು ನೀವಿದರೂ ನೇರವಾಗದೆ ಉಳಿದವು. 2009ರಲ್ಲಿ ಬೆನ್ನಿನ ಹುಣ್ಣು ಕೀವಾಗಿ, ಜ್ವರ ಬಂದು ಐದನೆಯ ದಿನ ತೀರಿಕೊಂಡ.

ಹೆಣಕ್ಕೆ ಸ್ನಾನ ಮಾಡಿಸಲು ಅಂಗಳದಲ್ಲಿ ಮಲಗಿಸಿದಾಗ ಅವನ ಮಂಡಿಗಳು ಮೇಲಕ್ಕೆದ್ದೇ ಇದ್ದವು. ಬಂಧುಗಳು ಒತ್ತಿ ನೋಡಿ ಬಿಟ್ಟುಬಿಟ್ಟರು. ಮುನಿಯಮ್ಮ ಆ ಮಂಡಿಗಳನ್ನು ತಬ್ಬಿಕೊಂಡು ಎಲ್ಲರೆದುರಿಗೆ ಸೊಸೆಯ ಕಡೆ ತಿರುಗಿದರು. "ತೊಟ್ಟಿ ಇದ್ದಿದ್ರೆ ನನ್ ಮಗ ಹಿಂಗೆ ಮುದುಡಿ ಸಾಯ್ತಿರ್ಲಿಲ್ಲ. ಕಿತ್ತಾಕಿಸ್ದೆಯಲ್ಲೇ, ಯಾಕೆ ಅಂತ ಇವತ್ತಾದ್ರೂ ಹೇಳು."

ಎಲ್ಲರೂ ದಿವ್ಯಳನ್ನು ನೋಡಿದರು. ಅವನು ಬಚ್ಚಲಿನಲ್ಲಿ ಹೇಳಿದ್ದನ್ನು ಅವಳು ಹೇಳಬಹುದಿತ್ತು.

"ನನ್ ಕೈಲಿ ಎತ್ತಕ್ಕಾಗ್ತಿರ್ಲಿಲ್ಲ ಅತ್ತೆ," ಎಂದಳು. ಬಿಂದಿಗೆಯಲ್ಲಿ ನೀರು ತುಂಬಿ ತಂದು ಅತ್ತೆಯ ಕೈಗೆ ಕೊಟ್ಟಳು.